ಒಬ್ಬರಿಗೆ ಜಾಗ ಇಲ್ಲ, ಐವತ್ತು ಜನರಿಗೆ ಡಿಸ್ಕೌಂಟ್

ಪುಣೆಯ ಸುತ್ತ ಲೇಕ್‌ಗಳಿಗೇನೂ ಬರವಿಲ್ಲ. ಪವನಾ, ಮುಳಶಿ, ಪಾನ್‌ಶೆತ್, ವರಸಗಾಂವ್, ಖಡಕ್‌ವಾಸಲಾ. ಹೆಸರಿಗೆ ಲೇಕ್, ಅಸಲಿಗೆ ಎಲ್ಲವೂ ಅಣೆಕಟ್ಟಿನ ಹಿನ್ನೀರು. ಆ ದಂಡೆಯ ಮೇಲೆ ಟೆಂಟ್ ಹೊಡೆದರೆ ಅದಕ್ಕೆ ‘ಲೇಕ್ ಟಚ್’ ಅಂತಾರೆ. ಮಲಗಿದಲ್ಲೇ ಕಾಲು ಚಾಚಿದರೆ ನೀರು ತಾಗಬೇಕು ಅನ್ನೋದು ಲೆಕ್ಕ. ಒಂದೇ ತೊಡಕು. ಚಾಚೋದಕ್ಕೆ ಎರಡು ಕಾಲು ಸಾಲದು, ಕನಿಷ್ಠ ನಾಲ್ಕು ಬೇಕು.

ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ “ಕಿತೀ ಜಣ?” ಎಷ್ಟು ಜನ ಅಂತ. ಒಬ್ಬನೇ ಅಂದರೆ ಆ ಕಡೆ ಸದ್ದಿಲ್ಲ. ಆಮೇಲೆ ಮೆಲ್ಲಗೆ “ಏಕಟಾ?” ಒಂಟಿಯಾಗಿ ಹೊರಟಿದ್ದಕ್ಕೆ ಪೊಲೀಸ್ ಸರ್ಟಿಫಿಕೇಟ್ ಇದೆಯಾ ಅನ್ನುವ ಧಾಟಿ. ಸಿಂಗಲ್‌ಗೆ ಕೊಡಲ್ಲ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮಗ್ಯಾಕೆ ತಲೆನೋವು ಅಂತ ಫೋನ್ ಇಡುತ್ತಾರೆ. ಹಿಂದೆ ಡಿಜೆ ಸದ್ದು ಕೇಳುತ್ತಿರುತ್ತದೆ. ಅಲ್ಲಿ ಐವತ್ತು ಜನರ ಆಫೀಸ್ ಗುಂಪೊಂದು ಕುಡಿದು ಕುಣಿಯುತ್ತಿದೆ. ಅವರಿಂದ ಯಾವ ತಲೆನೋವೂ ಇಲ್ಲ. ಅವರಿಗೆ ಗ್ರೂಪ್ ಡಿಸ್ಕೌಂಟ್.

ಹಾಗಂತ ಸರ್ಕಾರಕ್ಕೆ ಗುಂಪು ಇಷ್ಟವೇನೂ ಅಲ್ಲ. 2024ರ ಜೂನ್ ಕೊನೆಯಲ್ಲಿ ಲೋಣಾವಳದ ಭೂಶಿ ಅಣೆಕಟ್ಟಿನ ಹತ್ತಿರ ಜಲಪಾತದಲ್ಲಿ ಒಂದೇ ಮನೆಯ ಐವರು ಕೊಚ್ಚಿಹೋದರು. ಆಮೇಲೆ ಜಿಲ್ಲಾಡಳಿತ ಆ ಮಳೆಗಾಲಕ್ಕೆ ನಿಷೇಧಾಜ್ಞೆ ಹೊರಡಿಸಿತು. ಗುಂಪು ಸೇರಬೇಡಿ, ಆಳದ ನೀರಿಗೆ ಇಳಿಯಬೇಡಿ, ಅಪಾಯದ ಜಾಗದಲ್ಲಿ ಸೆಲ್ಫಿ, ರೀಲ್ಸ್ ಬೇಡ. ಎಲ್ಲ ಸರಿಯೇ. ಆದರೆ ಪ್ರವಾಸಿಯ ಪಾಡು ನೋಡಿ. ಗುಂಪಾಗಿ ಬರಬೇಡಿ ಅಂತ ಸರ್ಕಾರ, ಒಬ್ಬರೇ ಬರಬೇಡಿ ಅಂತ ಟೆಂಟಿನವರು. ಎರಡನ್ನೂ ಪಾಲಿಸಬೇಕು ಅಂದ್ರೆ ಮದುವೆಯಾಗೋದೊಂದೇ ದಾರಿ.

ಆದರೂ ಹೊರಟೆ. ಎದುರುಮನೆಯ ಧಾರವಾಡದ ಕಾಕೂ ಬಾಗಿಲಲ್ಲೇ ಹಿಡಿದರು. “ಒಬ್ಬಾವನ ಹೊಂಟೀಯೇನಪಾ? ಮನ್ಯಾಗ ಯಾರರೆ ಏನರೆ ಅಂದ್ರೇನು?” ಚಾಂದಣಿ ಚೌಕ ದಾಟಿ ಪೌಡ್ ಹತ್ತಿರ ಒಂದು ಉಡುಪಿ ಹೋಟೆಲ್. ಕನ್ನಡ ಕೇಳಿದ್ದೇ ಮಾಲೀಕರ ಮುಖ ಅರಳಿತು, ಎದುರಿನ ಖಾಲಿ ಕುರ್ಚಿ ನೋಡಿ ಮತ್ತೆ ಬಾಡಿತು. “ಒಬ್ರೇ ಬಂದದ್ದಾ ಮಾರಾಯ್ರೆ? ಎಂತ, ಕೆಲಸ ಹೋಯ್ತಾ?” ಅಂತ ಕೇಳಿ ಇನ್ನೊಂದು ವಡೆ ಹಾಕಿಸಿದರು. ದುಡ್ಡು ತಗೊಳ್ಳಲಿಲ್ಲ. ಒಂಟಿ ಪ್ರವಾಸದಲ್ಲಿ ಸಿಗೋ ಲಾಭ ಇಷ್ಟೇ.

ಮುಳಶಿಯ ನೀರಿನದು ಬೇರೆಯೇ ಕಥೆ. 1921ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟ್ ಮುಂದಾಳತ್ವದಲ್ಲಿ ಇಲ್ಲಿನ ರೈತರು ಟಾಟಾ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಹೂಡಿದ್ದರು. ನಮ್ಮ ಗದ್ದೆ ಮುಳುಗಿಸಬೇಡಿ ಅಂತ. ಮುಂಬೈಗೆ ಕರೆಂಟ್ ಬೇಕಿತ್ತು, ಊರುಗಳು ಮುಳುಗಿದವು. ಅಷ್ಟು ಜನ ಸೇರಿ ಬೇಡ ಅಂದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅದೇ ದಂಡೆಯಲ್ಲಿ ‘ಲೇಕ್ ವ್ಯೂ’ ಬೋರ್ಡುಗಳ ಸಾಲು, ಕೆಳಗೆ ಸಣ್ಣಕ್ಷರದಲ್ಲಿ ‘ಫ್ಯಾಮಿಲಿ ಓನ್ಲಿ’.

ಕೋಳವಣ ದಾಟಿ ತಿಕೋಣಾ ಕಡೆ ತಿರುಗಿದೆ. ಫೋನಿನ ಮ್ಯಾಪ್ ಬಲಕ್ಕೆ ಹೋಗು ಅಂದಿತು. ಹೋದೆ. ಡಾಂಬರು ರಸ್ತೆ ಇಳಿದು ಇಳಿದು ಸೀದಾ ಪವನಾ ನೀರೊಳಗೆ ಹೋಗುತ್ತಿತ್ತು. ಬ್ರೇಕ್ ಹಾಕಿದೆ. ಮ್ಯಾಪ್‌ನ ಹೆಣ್ಣುದನಿ ಮಾತ್ರ ಒಂಚೂರೂ ಅಳುಕದೆ, ಇನ್ನೂ ನೇರ ಹೋಗಿ ಅನ್ನುತ್ತಿತ್ತು. ಲೇಕ್ ಟಚ್ ಅಂದ್ರೆ ಇದೇ ಅಲ್ವಾ! ಹಿಂದೆ ತೆಗೆಯೋವಾಗ ಚೂಪು ಕಲ್ಲು ತಾಗಿ ಟೈರ್ ಪಂಕ್ಚರ್. ಸ್ಟೆಪ್ನಿಯಲ್ಲಿ ಗಾಳಿ ಇಲ್ಲ, ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಸುಮ್ನೆ ನೀರು ನೋಡುತ್ತಾ ಕೂತೆ.

ಅದೇ ತಪ್ಪಾಯಿತು ನೋಡಿ. ಮೇಲಿನ ರಸ್ತೆಯಲ್ಲಿ ಹೋಗುತ್ತಿದ್ದ ಬೈಕ್ ನಿಂತಿತು. ಒಬ್ಬ ಓಡಿಬಂದು ನನ್ನ ತೋಳು ಹಿಡಿದುಕೊಂಡ. “ಟೆನ್ಶನ್ ಘೇವೂ ನಕೋ ಭಾವು.” ಟೆನ್ಶನ್ ತಗೋಬೇಡ ಅಣ್ಣಾ ಅಂತ. ಟೆನ್ಶನ್ ಇರೋದು ಟೈರಿಗೆ ಅಂತ ತೋರಿಸಿದರೂ ನಂಬಲಿಲ್ಲ. ಪಂಕ್ಚರ್ ಹುಡುಗ ಬರೋವರೆಗೂ ತೋಳು ಬಿಡಲಿಲ್ಲ. ಸಾಲ ಎಷ್ಟಿದೆ, ಹುಡುಗಿ ಯಾವ ಊರಿನವಳು ಅಂತ ವಿಚಾರಿಸುತ್ತಲೇ ಇದ್ದ. ಪಾಪ, ಒಳ್ಳೆಯವನು.

ಕತ್ತಲಾಗುವ ಹೊತ್ತಿಗೆ ಒಂದು ರೆಸಾರ್ಟ್ ಕರುಣೆ ತೋರಿಸಿತು. ಇರೋದು ಕಪಲ್ ಪ್ಯಾಕೇಜ್ ಮಾತ್ರ, ಇಬ್ಬರ ದುಡ್ಡು ಕೊಡಬೇಕು. ಕೊಟ್ಟೆ. ರಿಜಿಸ್ಟರಿನಲ್ಲಿ ಎರಡನೇ ಹೆಸರಿನ ಜಾಗ ಖಾಲಿ ಬಿಡೋ ಹಾಗಿಲ್ಲ, ಯಾವುದಾದರೂ ಬರೆಯಿರಿ ಅಂದ ಮ್ಯಾನೇಜರ್. ಧಾರವಾಡದ ಕಾಕೂ ಹೆಸರು ಬರೆದೆ. ಮಂಚದ ಮೇಲೆ ಟವೆಲ್ಲಿನ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಕೂತಿದ್ದವು. ಊಟಕ್ಕೆ ಎರಡು ತಟ್ಟೆ ಬಂತು. ಹುಡುಗ ಎರಡಕ್ಕೂ ಭಾಕರಿ ಬಡಿಸಿ, ಮೇಡಂ ಯಾವಾಗ ಬರ್ತಾರೆ ಅಂತ ಕೇಳಿದ.

ಬೆಳಗ್ಗೆ ಬಿಲ್ ಕೊಡುವಾಗ ಒಬ್ಬರಿಗೂ ಒಂದು ಪ್ಯಾಕೇಜ್ ಇಡಬಹುದಲ್ವಾ ಅಂತ ಕೇಳಿದೆ. ಮ್ಯಾನೇಜರ್ ಖುಷಿಯಿಂದ ಕಾರ್ಡ್ ಕೊಟ್ಟ. “ಇದೆಯಲ್ಲ ಸಾರ್! ಮುಂದಿನ ಸಲ ಹತ್ತು ಜನರನ್ನ ಕರ್ಕೊಂಡು ಬನ್ನಿ, ಹನ್ನೊಂದನೆಯವರಿಗೆ ಫ್ರೀ. ಆ ಒಬ್ಬರು ನೀವೇ ಆಗಿ.”