ಸತ್ಯಾಂಶ: ನಾವು ನೋಡದಿದ್ದರೆ ಜಗತ್ತು ಇರುವುದಿಲ್ಲವೇ?

‘ನಾವು ನೋಡಿದಾಗ ಮಾತ್ರ ಜಗತ್ತು ಇರುತ್ತದೆ, ಕ್ವಾಂಟಮ್ ವಿಜ್ಞಾನ ಸಾಬೀತು ಮಾಡಿದೆ’ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಹಾಗೇನೂ ಸಾಬೀತಾಗಿಲ್ಲ.

ಅದು ತೋರಿಸುವ ಆಧಾರ ಎರಡು ಸೀಳುಗಳ ಪ್ರಯೋಗ. ಎಲೆಕ್ಟ್ರಾನ್‌ಗಳನ್ನು ಎರಡು ಸೀಳುಗಳತ್ತ ಒಂದೊಂದಾಗಿ ಬಿಟ್ಟರೂ, ಆಚೆಯ ಪರದೆಯ ಮೇಲೆ ಅಲೆಗಳು ಬೆರೆತಂತೆ ಪಟ್ಟೆಗಳು ಮೂಡುತ್ತವೆ. ಯಾವ ಸೀಳಿನಿಂದ ಹೋಯಿತೆಂದು ಅಳೆದರೆ ಪಟ್ಟೆ ಮಾಯ. ನಿಜಕ್ಕೂ ಸೋಜಿಗವೇ. ಆದರೆ ಇದಕ್ಕೆ ಮನುಷ್ಯರ ಕಣ್ಣು ಬೇಕಿಲ್ಲ, ಅಳೆಯುವ ಉಪಕರಣ ಸಾಕು. ವಿಯೆನ್ನಾದ ಪ್ರಯೋಗವೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ 70 ಕಾರ್ಬನ್ ಪರಮಾಣುಗಳ ಅಣುಗಳನ್ನು ಚೆನ್ನಾಗಿ ಕಾಯಿಸಿ ಸಣ್ಣ ಸೀಳುಗಳ ಜಾಲರಿಗಳ ಮೂಲಕ ಹಾಯಿಸಿದ್ದರು. ಬಿಸಿ ಜಾಸ್ತಿಯಾದಂತೆ ಅಣುಗಳೇ ಬೆಳಕು ಸೂಸಿದವು. ಅಣು ಎಲ್ಲಿತ್ತು ಎಂಬ ಸುಳಿವು ಆ ಬೆಳಕಿನ ಜೊತೆ ಹೊರಹೋಯಿತು, ಪಟ್ಟೆಗಳು ಮಸುಕಾದವು. ಆ ಬೆಳಕನ್ನು ಯಾರೂ ನೋಡುತ್ತಿರಲಿಲ್ಲ.

ಜಗತ್ತು ಮನಸ್ಸಿನ ಹೊರಗೆ ಇದೆಯೇ ಎಂಬುದು ಹಳೆಯ, ಘನವಾದ ಪ್ರಶ್ನೆ. ವಿಜ್ಞಾನವಾದಿ ಬೌದ್ಧರು (ಇಲ್ಲಿ ವಿಜ್ಞಾನ ಎಂದರೆ ಸೈನ್ಸ್ ಅಲ್ಲ, ಮನಸ್ಸಿನ ಅರಿವು) ಇಲ್ಲ ಎಂದರು. ದ್ವೈತಿಗಳು ಜಗತ್ತು ಸತ್ಯ ಎಂದರು. ಅದ್ವೈತದ ಬ್ರಹ್ಮಸೂತ್ರ ಭಾಷ್ಯವೂ ಬೌದ್ಧರ ಮಾತನ್ನು ಒಪ್ಪಲಿಲ್ಲ. ಕಂಬ, ಗೋಡೆ, ಮಡಕೆ, ಬಟ್ಟೆ ಹೊರಗೇ ಕಾಣುತ್ತವಲ್ಲ ಎಂದು ವಾದಿಸಿತು. ಎಷ್ಟು ಚೆಂದದ ಚರ್ಚೆ, ಅಲ್ವಾ? ಒಂದು ಪ್ರಯೋಗದಿಂದ ಅದು ಮುಗಿದಿಲ್ಲ.

ಇಂಥ ಸಂದೇಶ ಬಂದರೆ ಯಾವ ಪ್ರಯೋಗ, ಯಾವ ವರ್ಷ ಎಂದು ಬರೆದಿದೆಯೇ ನೋಡಿ. ಇದ್ದರೆ ಡಿಗ್ರಿಯ ಭೌತಶಾಸ್ತ್ರ ಪುಸ್ತಕದಲ್ಲಿ ಹುಡುಕಿ, ಅಳತೆ ಮಾಡಿದ್ದು ಯಾವುದು ಎಂದು ಓದಿ.