ಡಕ್ಟಿನೊಳಗೆ ಏನೋ ಇದೆ

ಎಸಿ ಹಾಕಿದ ಮೊದಲ ಐದು ನಿಮಿಷ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಉಸಿರೆಳೆಯುತ್ತಿರಲಿಲ್ಲ. ಒದ್ದೆ ಸಾಕ್ಸನ್ನು ಬ್ಯಾಗಿನಲ್ಲಿ ಮರೆತು, ವಾರ ಬಿಟ್ಟು ಜಿಪ್ ತೆಗೆದರೆ ಬರುತ್ತದಲ್ಲ, ಆ ಮುಗ್ಗಲು ವಾಸನೆ. ಆಮೇಲೆ ಕಡಿಮೆಯಾಗುತ್ತಿತ್ತು. ಅಥವಾ ಮೂಗೇ ಸೋತು ಸುಮ್ಮನಾಗುತ್ತಿತ್ತು.

ಜೊತೆಗೆ ಡಕ್ಟಿನಿಂದ, ಅಂದರೆ ಎಸಿಯ ಗಾಳಿ ಕೋಣೆಗಳಿಗೆ ಸಾಗುವ ತಗಡಿನ ಕೊಳವೆಯಿಂದ, ಗಾಳಿ ಬರುವ ಜಾಲರಿಯ ಸುತ್ತ ಚಾವಣಿಯಲ್ಲಿ ಕಪ್ಪು ಚುಕ್ಕೆಗಳು. ನಾನು ಎರಡು ಸಲ ಸೀನಿದೆ. ಅಲ್ಲಿಗೆ ರೋಗ ಖಚಿತವಾಯಿತು.

"ಡಕ್ಟಿನೊಳಗೆ ಬೂಷ್ಟು ಬೆಳೆದಿದೆ" ಎಂದು ಘೋಷಿಸಿದೆ.

"ಇರಬಹುದು ರೀ" ಎಂದಳು ಹೆಂಡತಿ. ಮಗಳು ಅಮ್ಮನ ಮುಖ ನೋಡಿದಳು.

ಡಕ್ಟ್ ತೊಳೆಯುವ ಒಂದು ಕಂಪನಿಗೆ ಫೋನ್ ಮಾಡಿದೆ. ಅವರು ಮನೆ ನೋಡಿಲ್ಲ, ಜಾಲರಿ ನೋಡಿಲ್ಲ, ಮೂಸಿಯೂ ಇಲ್ಲ. "ಬೂಷ್ಟೇ ಸಾರ್, ಡೌಟೇ ಬೇಡ" ಅಂದರು. ಇಡೀ ಡಕ್ಟ್ ತೊಳೆದು, ಒಳಗೆ ಔಷಧದ ಹೊಗೆ ಬಿಡುತ್ತಾರಂತೆ. ಅದಕ್ಕೆ ಹೇಳಿದ ಮೊತ್ತ ಕೇಳಿ ನನ್ನ ಸೀನು ನಿಂತೇಹೋಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಸುಮ್ನೆ ಆಗಾಗ ಡಕ್ಟ್ ತೊಳೆಸುವುದು ಬೇಡ ಎನ್ನುತ್ತದೆ. ಬೂಷ್ಟು ಇದೆ ಎಂದವರಿಗೆ ಮೊದಲು ತೋರಿಸಿ ಎನ್ನಬೇಕಂತೆ. ತೋರಿಸುವವರು ಯಾಕೆ, ನಾನೇ ನೋಡಿದರಾಯಿತು ಅಂದುಕೊಂಡೆ.

ಸ್ಟೂಲ್ ಹತ್ತಿ ಜಾಲರಿ ಬಿಚ್ಚಿದೆ. ಬಹಳ ದಿನದ ಧೂಳು ನೇರ ಬಾಯಿಗೇ ಬಂತು. ಮೊಬೈಲಿನ ಟಾರ್ಚ್ ಹಾಕಿ, ವಿಡಿಯೋ ಒತ್ತಿ, ಭುಜದವರೆಗೆ ಕೈ ತೂರಿಸಿದೆ. ಇನ್ನೊಂದು ಚೂರು ಮುಂದೆ ಹೋಗಲಿ ಅಂತ ಬೆರಳ ತುದಿಯಲ್ಲಿ ತಳ್ಳಿದೆ ನೋಡಿ, ಸರ್ರ್ ಎಂದಿತು. ತಗಡಿನ ಮೇಲೆ ಜಾರುವ ಸದ್ದು ದೂರ ದೂರ ಹೋಗಿ, ಠಣ್ ಎಂದು ಎಲ್ಲೋ ನಿಂತಿತು.

ಅರ್ಧ ಗಂಟೆ ಬಟ್ಟೆಯ ಹ್ಯಾಂಗರ್ ಬಗ್ಗಿಸಿ ಗಾಳ ಹಾಕಿದೆ. ಸಿಕ್ಕಿದ್ದು ಒಂದು ಧೂಳಿನ ಉಂಡೆ, ಒಂದು ಸ್ಕ್ರೂ. ಕೊನೆಗೆ ಮಾನ ಬಿಟ್ಟು, "ನನ್ನ ನಂಬರಿಗೊಂದು ಕಾಲ್ ಮಾಡು" ಎಂದೆ. ಮಲಗುವ ಕೋಣೆಯ ಚಾವಣಿ ಹಾಡತೊಡಗಿತು. ಅಲ್ಲಿನ ಜಾಲರಿ ಬಿಚ್ಚಿದರೂ ಕೈಗೆ ಎಟುಕಲಿಲ್ಲ.

"ಹೇಗೂ ಎರಡು ಬಿಚ್ಚಿದ್ದೀರಲ್ಲ, ಉಳಿದ ಐದನ್ನೂ ಬಿಚ್ಚಿ ಒರೆಸಿಬಿಡಿ. ಬೂಷ್ಟು ಅಲ್ವಾ, ಒಳ್ಳೆಯದು" ಎಂದಳು ಹೆಂಡತಿ. ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಸಂಜೆಯವರೆಗೆ ಏಳು ಜಾಲರಿ ತಿಕ್ಕಿದೆ.

ಮರುದಿನ ಮೆಕ್ಯಾನಿಕ್ ಬಂದರು. ಮೊದಲು ಉದ್ದನೆಯ ಇಕ್ಕಳ ಹಾಕಿ ಮೊಬೈಲ್ ತೆಗೆದುಕೊಟ್ಟರು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಕೇಳಲಿಲ್ಲ. ದೊಡ್ಡ ಮನುಷ್ಯ. ಆಮೇಲೆ ಬ್ಲೀಚ್ ನೀರಿನಲ್ಲಿ ಅದ್ದಿದ ಹತ್ತಿಯನ್ನು ಚಾವಣಿಯ ಕಪ್ಪು ಚುಕ್ಕೆಗೆ ಒತ್ತಿ ಕಾದರು. ಕಪ್ಪು ಕಪ್ಪಾಗಿಯೇ ಉಳಿಯಿತು.

"ಬೂಷ್ಟಾಗಿದ್ರೆ ಬಣ್ಣ ಬಿಡ್ತಿತ್ತು ಸಾರ್. ಇದೊಂದು ಅಂದಾಜು ಅಷ್ಟೆ, ಆದ್ರೆ ಇದು ಧೂಳೇ. ತಣ್ಣಗಿರೋ ಕಡೆ ತೇವ ಕೂರುತ್ತೆ, ತೇವಕ್ಕೆ ಧೂಳು ಅಂಟುತ್ತೆ."

"ಹಾಗಾದರೆ ವಾಸನೆ?"

"ಬೂಷ್ಟಿನ ಬೀಜ ಎಲ್ಲ ಗಾಳಿಯಲ್ಲೂ ಇರುತ್ತೆ. ಅದಕ್ಕೆ ಬೇಕಾಗಿರೋದು ನೀರು. 24ರಿಂದ 48 ಗಂಟೆ ಒದ್ದೆ ಸಿಕ್ಕಿದ್ರೆ ಸಂಸಾರ ಹೂಡಿಬಿಡುತ್ತೆ. ನಿಮ್ಮ ಡಕ್ಟ್ ಒಣಗಿದೆ. ಒದ್ದೆ ಎಲ್ಲಿದೆ ಅಂತ ನೋಡ್ಬೇಕು."

ಮೆಷಿನ್ ಬಿಚ್ಚಿದರು. ಗಾಳಿ ತಣ್ಣಗಾಗುವ ಕಾಯಿಲ್, ಅದರಿಂದ ತೊಟ್ಟಿಕ್ಕುವ ನೀರು ಹಿಡಿಯುವ ಟ್ರೇ, ನೀರು ಹೊರಹೋಗುವ ಪೈಪು. ಟ್ರೇಯಲ್ಲಿ ಒಂಚೂರು ಲೋಳೆ ಬಿಟ್ಟರೆ ಎಲ್ಲ ಸರಿಯಾಗಿತ್ತು. ಕೊನೆಗೆ ಫಿಲ್ಟರ್ ಎಳೆದರು. ಎರಡೇ ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ. ರಟ್ಟಿನ ಚೌಕಟ್ಟು ಉಬ್ಬಿ ಸೊಟ್ಟಗಾಗಿತ್ತು. ಅದರ ಮೂಲೆಗಳಲ್ಲಿ ಹಸಿರುಗಪ್ಪು ಬಣ್ಣದ ಮೆತ್ತನೆ ರೋಮ.

"ಇದು ಬಳಸಿ ಎಸೆಯೋ ಫಿಲ್ಟರ್ ಅಲ್ವಾ? ಇದನ್ನ ಯಾರು ತೊಳೆದಿದ್ದು?"

ನಾನು ಚಾವಣಿ ನೋಡಿದೆ. ಹಿಂದಿನ ದಿನದಿಂದ ಅದು ರೂಢಿಯಾಗಿತ್ತು.

ಎರಡು ತಿಂಗಳ ಹಿಂದೆ, ಚೆನ್ನಾಗಿಯೇ ಇದೆಯಲ್ಲ, ಇದನ್ನು ಯಾಕೆ ಎಸೆಯಬೇಕು ಅಂತ ಸೋಪಿನ ಪುಡಿ ಹಾಕಿ ತೊಳೆದಿದ್ದೆ. ಒದರಿ ಹಾಗೇ ಸಿಕ್ಕಿಸಿದ್ದೆ. ಗಾಳಿಗೆ ತಾನೇ ಒಣಗುತ್ತದೆ ಅನ್ನುವುದು ನನ್ನ ವಿಜ್ಞಾನ.

ಅವರು ಕಾಯಿಲ್, ಟ್ರೇ ತೊಳೆದು ಹೊಸ ಫಿಲ್ಟರ್ ಹಾಕಿದರು. ಮನೆಯೊಳಗಿನ ತೇವಾಂಶ ಶೇ. 60 ದಾಟದಿರಲಿ, 30ರಿಂದ 50ರೊಳಗಿದ್ದರೆ ಬಹಳ ಒಳ್ಳೆಯದು ಎಂದರು. ಹೋಗುವಾಗ ನನಗಲ್ಲ, ನನ್ನ ಹೆಂಡತಿಗೆ, "ಹೊಸದನ್ನ ತೊಳೆಯೋಕೆ ಬಿಡಬೇಡಿ ಮೇಡಂ" ಎಂದು ಹೇಳಿ ಹೋದರು.

ರಾತ್ರಿ ಮೊಬೈಲ್ ಚಾರ್ಜಿಗೆ ಹಾಕಿ ಆ ವಿಡಿಯೋ ತೆರೆದೆ. ತಗಡು, ಧೂಳು, ಮತ್ತೆ ತಗಡು. ಜಾರಿದ ಮೇಲೆ ಚಿತ್ರ ಅಲುಗಾಡದೆ ನಿಂತಿತ್ತು. ಆದರೆ ಮಲಗುವ ಕೋಣೆಯ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಮ್ಮಾ, ಅಪ್ಪ ಫಿಲ್ಟರ್ ತೊಳೆದು ಒದ್ದೇನೇ ಹಾಕಿದ್ರಲ್ಲ, ವಾಸನೆ ಅದರದ್ದೇ ಅಂತ ಹೇಳಿಬಿಡ್ಲಾ?"

"ಸುಮ್ನಿರೇ. ಏಳು ಜಾಲರಿ ಒರೆಸೋದಿದೆ. ಅದಾಗಲಿ, ಆಮೇಲೆ ಹೇಳೋಣ."