ಚೆಕ್ ಬೌನ್ಸ್: ಗಡುವೆಲ್ಲ ದುಡ್ಡು ಬರಬೇಕಾದವನಿಗೇ ಯಾಕೆ?

ಮಾಲು ಇಳಿಸಿಕೊಂಡು, ಕೈಗೊಂದು ಚೆಕ್ ಕೊಟ್ಟು, ಅದು ಬೌನ್ಸ್ ಆದಮೇಲೂ ಎದೆ ಸೆಟೆಸಿ ಓಡಾಡುವವರನ್ನು ಕಂಡರೆ ಮೈ ಉರಿಯುತ್ತೆ. ಗಡುವಿನ ಲೆಕ್ಕ ನೋಡಿದರೆ ಇನ್ನೂ ಉರಿಯುತ್ತೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಕೇಳೋಕೆ ಜೋರಾಗಿದೆ. ಆದರೆ ಅಲ್ಲಿಯವರೆಗೆ ಕ್ಯಾಲೆಂಡರ್ ಹಿಡಿದು ದಿನ ಎಣಿಸಬೇಕಾದವನು ಮೋಸ ಹೋದವನೇ.

ಬ್ಯಾಂಕಿನ ರಿಟರ್ನ್ ಮೆಮೊ, ‘ಫಂಡ್ಸ್ ಇನ್‌ಸಫಿಷಿಯಂಟ್’ (ಖಾತೆಯಲ್ಲಿ ದುಡ್ಡು ಸಾಲದು) ಅಂತ ಇರುವ ಆ ತುಂಡು ಚೀಟಿ, ಕೈಸೇರಿದ 30 ದಿನದೊಳಗೆ ಚೆಕ್ ಕೊಟ್ಟವನಿಗೆ ಲಿಖಿತ ನೋಟಿಸ್ ಹೋಗಬೇಕು. ಆಟ ಶುರುವಾಗೋದೇ ಇಲ್ಲಿ. “ಅಣ್ಣಾ, ಸೋಮವಾರ ಇನ್ನೊಂದ್ಸಲ ಹಾಕಿ, ಪಾಸ್ ಆಗುತ್ತೆ” ಅಂತಾನೆ ಚೆಕ್ ಕೊಟ್ಟವನು. ಹಾಕಬಹುದು, ತಪ್ಪಿಲ್ಲ; ಚೆಕ್ಕಿನ ತಾರೀಖಿನಿಂದ 3 ತಿಂಗಳೊಳಗೆ ಎಷ್ಟು ಸಲ ಹಾಕಿದರೂ ಪ್ರತಿ ಬೌನ್ಸಿಗೆ ಹೊಸ 30 ದಿನ ಸಿಗುತ್ತೆ. ಆದರೆ ಆ 3 ತಿಂಗಳೂ ಮುಗಿದು, ಕೊನೆಯ ಮೆಮೊದ 30 ದಿನವೂ ದಾಟಿತೋ, 138ರ ಬಾಗಿಲು ಮುಚ್ಚಿತು. ಉಳಿಯೋದು ಕೋರ್ಟ್ ಫೀ ಕಟ್ಟಿ ಹಾಕುವ ಸಿವಿಲ್ ದಾವೆ. ಸೋಮವಾರ ಸೋಮವಾರ ಅನ್ನುವವನಿಗೆ ಇದು ಚೆನ್ನಾಗಿಯೇ ಗೊತ್ತು.

ನೋಟಿಸಿನಲ್ಲಿ ಕೇಳುವ ಮೊತ್ತವೂ ಒಂದು ಗುಂಡಿ. ಚೆಕ್ 1,85,000ದ್ದು, ಅವನು ಕೊಡಬೇಕಾದ ಒಟ್ಟು ಬಾಕಿ 2,10,000 ಅಂತಿಟ್ಟುಕೊಳ್ಳಿ. ಸಿಟ್ಟಿನಲ್ಲಿ ಪೂರ್ತಿ ಬಾಕಿಯನ್ನೇ ಬರೆದು ಕಳಿಸಿದರೆ ಕೇಸು ಬಿದ್ದುಹೋಗುತ್ತೆ. ಚೆಕ್ ಮೊತ್ತವನ್ನು ಬೇರೆಯಾಗಿ, ಒಂದು ಅಂಕಿಯೂ ತಪ್ಪದಂತೆ ಕೇಳಬೇಕು. ಬಡ್ಡಿ, ನೋಟಿಸ್ ಖರ್ಚು ಬೇರೆ ಸಾಲಿನಲ್ಲಿ. ಚೆಕ್ ಕಂಪನಿಯದ್ದಾದರೆ ಸಹಿ ಹಾಕಿದ ಡೈರೆಕ್ಟರನ್ನು ಮಾತ್ರ ಹಿಡಿದರೆ ಸಾಲದು, ಕಂಪನಿಯನ್ನೂ ಆರೋಪಿ ಮಾಡಬೇಕು.

ನೋಟಿಸ್ ಮುಟ್ಟಿದ ಮೇಲೆ ದುಡ್ಡು ಕಟ್ಟಲು ಅವನಿಗೆ 15 ದಿನ. ಅದು ಪೂರ್ತಿ ಮುಗಿಯುವ ಮೊದಲು ಕೋರ್ಟಿಗೆ ದೂರು ಕೊಟ್ಟರೆ ಅವಧಿಪೂರ್ವ ಅಂತ ವಜಾ. ಮುಗಿದ ಮೇಲೆ ದೂರು ಕೊಡದೆ ಒಂದು ತಿಂಗಳು ದಾಟಿದರೆ, ತಡ ಯಾಕಾಯ್ತು ಅಂತ ಅರ್ಜಿ ಹಾಕಿ ಕೋರ್ಟನ್ನು ಒಪ್ಪಿಸಬೇಕು. ಸರಿಯಾದ ವಿಳಾಸಕ್ಕೆ ರಿಜಿಸ್ಟ್ರೇಷನ್ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಹೋದ ನೋಟಿಸ್ ‘ಬಾಗಿಲು ಹಾಕಿದೆ’ ಅಂತ ವಾಪಸ್ ಬಂದರೂ ಮುಟ್ಟಿದಂತೆಯೇ ಲೆಕ್ಕ. ಆ ಲಕೋಟೆ ಒಡೆಯಬೇಡಿ. ಪೋಸ್ಟ್‌ಮ್ಯಾನ್ ಬರೆದ ಶರಾ ಸಮೇತ ಹಾಗೇ ಕೋರ್ಟಿಗೆ ಕೊಡಿ.

ಇಷ್ಟೆಲ್ಲ ದಾಟಿ ಕೇಸು ದಾಖಲಾದ ಮೇಲೆ ಅವನ ಗಡುವು? ದೂರು ಕೊಟ್ಟ 6 ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕು ಅಂತ 143ನೇ ಕಲಂ ಹೇಳುತ್ತೆ. ಬರೀ ಪ್ರಯತ್ನ! ಸಮನ್ಸ್ ಹೋದಾಗ ಮನೆಯಲ್ಲಿಲ್ಲ, ವಾರಂಟ್ ಹೋದಾಗ ಊರಲ್ಲಿಲ್ಲ. ಕೊನೆಗೊಂದು ದಿನ ವಕೀಲರ ಜೊತೆ ಬಂದು ವಾರಂಟ್ ರೀಕಾಲ್ (ರದ್ದು) ಮಾಡಿಸಿಕೊಂಡು, ಅದು ಬರೀ ಸೆಕ್ಯೂರಿಟಿ ಚೆಕ್, ಭದ್ರತೆಗೆ ಅಂತ ಕೊಟ್ಟದ್ದು ಅಂತಾನೆ. ಸಾಲವಿತ್ತು ಅನ್ನೋ ಊಹೆ 139ರ ಪ್ರಕಾರ ಚೆಕ್ ಪಡೆದವನ ಪರ ಇದ್ದರೂ, ಪಾಟೀ ಸವಾಲಿನ ಹೆಸರಲ್ಲಿ ವಾಯಿದೆ ಮೇಲೆ ವಾಯಿದೆ. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಅನ್ನೋದನ್ನ ಕೋರ್ಟ್ ಹಾಲಿನಲ್ಲೇ ನೋಡಬಹುದು.

2018ರಲ್ಲಿ ಸೇರಿಸಿದ 143ಎ ಪ್ರಕಾರ, ಅವನು ತಪ್ಪೊಪ್ಪದಿದ್ದರೆ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಬಹುದು. ಆದೇಶವಾದರೆ 60 ದಿನದೊಳಗೆ ಕಟ್ಟಬೇಕು. ಅದೂ ತಾನಾಗಿ ಬರೋದಿಲ್ಲ, ಕೊಡೋದು ಬಿಡೋದು ನ್ಯಾಯಾಧೀಶರ ವಿವೇಚನೆ. ಅರ್ಜಿ ಹಾಕಿ ಕೇಳಿ, ಬಿಡಬೇಡಿ. ತನ್ನದೇ ಪೂರ್ತಿ ದುಡ್ಡು ಬರಬೇಕಾದವನು ಐದರಲ್ಲೊಂದು ಪಾಲಿಗೆ ಕೈಯೊಡ್ಡಿ ನಿಲ್ಲಬೇಕಲ್ಲ, ಅದೇ ಹೊಟ್ಟೆ ಉರಿಸೋದು.